ಆಕಾಶದಲ್ಲಿ ಸಿಕ್ಕಿದ ಬಿಡುವು

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮೂರಿನಲ್ಲಿ ಕೇಳುವ ಪ್ರಶ್ನೆಗಳಿಗೊಂದು ಕ್ರಮವಿದೆ. ಮೊದಲನೆಯದು, ಅಲ್ಲಿ ಚಳಿ ಹೇಗೆ? ಎರಡನೆಯದು, ಮಗಳ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು? ಮೂರನೆಯದು, ‘ಅಷ್ಟು ಹೊತ್ತು ವಿಮಾನದಲ್ಲಿ ಕೂತು ಏನು ಮಾಡಿದಿರಿ ಮಾರಾಯ್ರೆ?’ ಮೊದಲೆರಡಕ್ಕೆ ಎಲ್ಲರೂ ವಿವರವಾಗಿ ಉತ್ತರಿಸುತ್ತಾರೆ. ಮೂರನೆಯದಕ್ಕೆ ‘ಹೇಗೋ ಕಳೆಯಿತು’ ಎಂದು ಕೈ ಕೊಡವಿಬಿಡುತ್ತಾರೆ. ನಮ್ಮ ಯಜಮಾನರ ಉತ್ತರ ಇನ್ನೂ ಚಿಕ್ಕದು: ‘ನಿದ್ದೆ.’ ಅವರಿಗೆ ಬಸ್ಸು, ರೈಲು, ವಿಮಾನ, ಮದುವೆ ಮನೆಯ ಕಬ್ಬಿಣದ ಕುರ್ಚಿ ಎಲ್ಲ ಒಂದೇ.

ನನಗೆ ಮಾತ್ರ ಆ ಮೂರನೆಯ ಪ್ರಶ್ನೆಯ ಮೇಲೇ ಮೋಹ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಸುಮಾರು 10 ಗಂಟೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 11 ಗಂಟೆಗೂ ಮಿಕ್ಕಿ. ಅಷ್ಟೂ ಹೊತ್ತು ಒಬ್ಬ ಹೆಂಗಸು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಸುಮ್ಮನೆ ಕೂತಿರುತ್ತಾಳೆ. ಒಲೆ ಇಲ್ಲ, ನಲ್ಲಿ ಇಲ್ಲ, ಕರೆಗಂಟೆ ಇಲ್ಲ. ಕರೆಗಂಟೆ ಇದೆಯೆನ್ನಿ, ಆದರೆ ಅದನ್ನು ಒತ್ತುವವಳು ನಾನು, ಓಡಿ ಬರುವವರು ಬೇರೆಯವರು! ಮದುವೆಯಾದ ಮೂವತ್ತೆಂಟು ವರ್ಷಗಳಲ್ಲಿ ಇಂಥ 21 ಗಂಟೆ ಭೂಮಿಯ ಮೇಲೆ ನನಗೆ ಒಮ್ಮೆಯೂ ಸಿಕ್ಕಿಲ್ಲ. ಬಾಣಂತನದಲ್ಲೂ ಸಿಕ್ಕಿಲ್ಲ, ಆಗ ಪಕ್ಕದಲ್ಲಿ ಮಗು ಇತ್ತು.

2016ರಲ್ಲಿ ಮಗಳ ಬಾಣಂತನಕ್ಕೆಂದು ಮೊದಲ ಸಲ ಹೋದಾಗ ಬೆರಗಿನಲ್ಲೇ ದಾರಿ ಕಳೆಯಿತು. ಫ್ರಾಂಕ್‌ಫರ್ಟ್ ಬಿಟ್ಟ ಮೇಲೆ ಪಡುವಣಕ್ಕೆ ಹೋಗುವ ವಿಮಾನದಲ್ಲಿ ಸೂರ್ಯ ನಮ್ಮ ಜೊತೆಯಲ್ಲೇ ಬರುತ್ತಾನೆ. ಎಷ್ಟು ಹೊತ್ತಾದರೂ ಮಧ್ಯಾಹ್ನ. ಗ್ರೀನ್‌ಲ್ಯಾಂಡಿನ ಮೇಲೆ ಹೋಗುವಾಗ ಕೆಳಗೆ ಕಂಡ ಹಿಮ, ಅದರ ನಡುವೆ ಸೀಳಿದಂತಿದ್ದ ನೀಲಿ ನೀರು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಆ ಸಲ ನಾನು ಗಮನಿಸಿದ ಇನ್ನೊಂದು ಸಂಗತಿಯೆಂದರೆ, ಸುತ್ತಲಿನವರೆಲ್ಲ ಆ ಸಮಯವನ್ನು ಹೇಗಾದರೂ ಮುಗಿಸಿಬಿಡುವ ಅವಸರದಲ್ಲಿದ್ದರು. ಎದುರಿನ ಪುಟ್ಟ ಪರದೆಯಲ್ಲಿ ಒಂದು ಸಿನಿಮಾ ಅರ್ಧ, ಇನ್ನೊಂದು ಕಾಲು, ನಡುವೆ ನಕಾಶೆ, ‘ಇನ್ನೂ ಏಳು ಗಂಟೆ’ ಎಂಬ ನಿಟ್ಟುಸಿರು. ಇಂಗ್ಲಿಷಿನವರು ಸಮಯ ಕೊಲ್ಲುವುದು ಎನ್ನುತ್ತಾರಲ್ಲ, ಅದೇ. ನಮ್ಮ ಅತ್ತೆ ಇದ್ದಿದ್ದರೆ ‘ಕೊಲ್ಲಲಿಕ್ಕೆ ಅದೇನು ತಿಗಣೆಯಾ?’ ಎಂದು ಕೇಳುತ್ತಿದ್ದರು.

ಅತ್ತೆಯ ಮಾತು ಬಂದದ್ದಕ್ಕೆ ಕಾರಣವಿದೆ. ನನ್ನ ವಿಮಾನದ ಗಂಟೆಗಳೆಲ್ಲ ಅವರಿಗೇ ಸಂದಿವೆ.

ಅತ್ತೆ ನಮ್ಮ ಕಡೆಯ ಮದುವೆ ಹಾಡುಗಳ ಭಂಡಾರ. ಹಸೆಗೆ ಕರೆಯುವುದು, ಆರತಿ ಎತ್ತುವುದು, ಬೀಗರನ್ನು ಹಂಗಿಸುವುದು, ಉರುಟಣೆ, ಹೆಣ್ಣು ಒಪ್ಪಿಸುವುದು, ಒಂದೊಂದಕ್ಕೂ ನಾಲ್ಕಾರು ಹಾಡು. ಓದು ಮೂರನೇ ಕ್ಲಾಸು. ಒಂದು ಸಾಲನ್ನೂ ಬರೆದಿಟ್ಟವರಲ್ಲ. 1994ರ ಮಳೆಗಾಲದಲ್ಲಿ, ಮೈದುನ ತಂದುಕೊಟ್ಟ ಟೇಪ್‌ರೆಕಾರ್ಡರ್ ಇಟ್ಟುಕೊಂಡು 90 ನಿಮಿಷದ ಎರಡು ಕ್ಯಾಸೆಟ್ಟುಗಳಲ್ಲಿ ಅವರ ಹಾಡು ತುಂಬಿಸಿದ್ದೆ. ಅತ್ತೆ ಹೋದದ್ದು 1999ರಲ್ಲಿ. ಕ್ಯಾಸೆಟ್ಟು ಬೀರುವಿನ ರೇಷ್ಮೆ ಸೀರೆಗಳ ನಡುವೆ ಉಳಿಯಿತು. ಆಮೇಲೆ ಕ್ಯಾಸೆಟ್ಟಿನ ಕಾಲವೇ ಮುಗಿದು, ಅಕ್ಕನ ಮಗ ಅದನ್ನೆಲ್ಲ ನನ್ನ ಮೊಬೈಲಿಗೆ ಇಳಿಸಿಕೊಟ್ಟ. ಕೇಳಿ ಬರೆದಿಡಬೇಕು, ಇಷ್ಟೇ ಕೆಲಸ. ಇಷ್ಟೇ ಎನ್ನುವ ಕೆಲಸಗಳೇ ಹೆಂಗಸರ ಬದುಕಿನಲ್ಲಿ ಇಪ್ಪತ್ತು ವರ್ಷ ಕಾಯುವುದು.

ಮನೆಯಲ್ಲಿ ಯಾಕೆ ಆಗಲಿಲ್ಲ ಎಂದರೆ, ಮನೆಯಲ್ಲಿ ನಮ್ಮ ಗಮನ ಇಡಿಯಾಗಿ ಇರುವುದೇ ಇಲ್ಲ. ಹಿತ್ತಲಿನ ಬಟ್ಟೆಗೊಂದು ಚೂರು, ಕುಕ್ಕರಿನ ಸೀಟಿಗೊಂದು ಚೂರು, ಗೇಟಿನ ಸದ್ದಿಗೊಂದು ಚೂರು. ಅತ್ತೆ ಒಂದು ಸಾಲು ಹಾಡುವಷ್ಟರಲ್ಲಿ ಎರಡು ಸೀಟಿ ಕೂಗಿರುತ್ತದೆ. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಬೇಕೆನ್ನುವಾಗ ಗ್ಯಾಸಿನವನು ಬಂದಿರುತ್ತಾನೆ. ಸಂಜೆ ಮಾಡೋಣವೆಂದರೆ ಸಂಜೆಗೆ ಬೇರೆಯದೇ ಪಟ್ಟಿ.

2019ರಲ್ಲಿ ಎರಡನೆಯ ಸಲ ಹೊರಡುವಾಗ ಕೆಲಸಕ್ಕೆ ತುರ್ತು ಬಂದಿತ್ತು. ಅತ್ತೆಯ ತಂಗಿ, ನಾವೆಲ್ಲ ಚಿಕ್ಕತ್ತೆ ಎನ್ನುತ್ತಿದ್ದವರು, ಆಗ ಎಂಬತ್ತಾರರ ಹತ್ತಿರ. ಹಾಡು ಬಲ್ಲವರು ಇನ್ನು ಅವರೊಬ್ಬರೇ. ಅವರಿಗೂ ಮರೆವು ಶುರುವಾಗಿತ್ತು. ಬೆಳಗ್ಗೆ ಇದ್ದ ನೆನಪು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಅಸ್ಪಷ್ಟವಾದ ಪದಗಳನ್ನು ಅವರು ಇರುವಷ್ಟರಲ್ಲೇ ಕೇಳಿಕೊಳ್ಳಬೇಕಿತ್ತು. ಕೇಳಲು ಹೋಗುವ ಮೊದಲು ಹಾಡುಗಳು ಕಾಗದದ ಮೇಲೆ ಇರಬೇಕಿತ್ತು. ಇನ್ನೂರು ಪುಟದ ಒಂದು ನೋಟ್‌ಬುಕ್ಕು, ನಾಲ್ಕು ಪೆನ್ಸಿಲು, ಒಂದು ಮೆಂಡರ್ ಕೈಚೀಲಕ್ಕೆ ಹಾಕಿಕೊಂಡೆ. ಪೆನ್ಸಿಲ್ ಯಾಕೆಂದರೆ, ವಿಮಾನ ಮೇಲೇರಿದ ಹಾಗೆ ಒಳಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಶಾಯಿ ಪೆನ್ನಿನೊಳಗಿನ ಗಾಳಿ ಹಿಗ್ಗಿ ಶಾಯಿಯನ್ನು ಹೊರಗೆ ದೂಡುತ್ತದೆ. ಮಗಳ ಮನೆಗೆ ನೀಲಿ ಸೀರೆಯಲ್ಲಿ ಇಳಿಯುವುದು ಬೇಡವೆನಿಸಿತು.

ವಿಮಾನ ಹಾರುವುದು 35 ಸಾವಿರ ಅಡಿ ಎತ್ತರದಲ್ಲಾದರೂ, ಒಳಗಿನ ಗಾಳಿಯನ್ನು ಒತ್ತಿ ತುಂಬಿ 6 ಸಾವಿರದಿಂದ 8 ಸಾವಿರ ಅಡಿಯ ಬೆಟ್ಟದ ಮೇಲೆ ಇರುವಷ್ಟಕ್ಕೆ ತಂದಿರುತ್ತಾರೆ. ನಮ್ಮ ಮುಳ್ಳಯ್ಯನಗಿರಿ 6,300 ಅಡಿ ಚಿಲ್ಲರೆ. ಅಂದರೆ ಅದರ ತುದಿಯಲ್ಲೋ, ಅದಕ್ಕಿಂತ ಸ್ವಲ್ಪ ಮೇಲೋ ಹತ್ತು ಗಂಟೆ ಕೂತ ಹಾಗೆ ಲೆಕ್ಕ. ಉಸಿರಿಗೆ ಸಿಗುವ ಆಮ್ಲಜನಕ ಊರಿಗಿಂತ ಕಡಿಮೆ. ತೇವವಂತೂ ಶೇಕಡಾ 20ಕ್ಕಿಂತ ಕೆಳಗೆ. ಆಷಾಢದಲ್ಲಿ ಹಪ್ಪಳ ಒಣಗದೆ ಪರದಾಡುವ ನಮಗೆ ಅಲ್ಲೊಂದು ಚಾಪೆ ಹಾಸುವ ಆಸೆಯಾಗುತ್ತದೆ. ಹೀಗಾಗಿ ತಲೆ ಬೇಗ ದಣಿಯುತ್ತದೆ, ಕಣ್ಣು ಉರಿಯುತ್ತದೆ, ನಾಲಿಗೆಗೆ ಸಿಹಿ ಉಪ್ಪು ಮಂದವಾಗಿ ಅವರ ಪಲಾವು ಸಪ್ಪೆ ಎನಿಸುತ್ತದೆ. (ಅಡುಗೆಯವನನ್ನು ಬೈಯುವ ಮೊದಲು ಇದು ನೆನಪಿರಲಿ. ಆದರೂ ಒಂದು ಪೊಟ್ಟಣ ಚಟ್ನಿಪುಡಿ ಇಟ್ಟುಕೊಳ್ಳಿ.) ಇಂಥ ಜಾಗದಲ್ಲಿ ಮನಸ್ಸು ಒಂದೇ ಕಡೆ ನಿಲ್ಲದಿದ್ದರೆ ಅದು ಮನಸ್ಸಿನ ದೋಷ ಮಾತ್ರ ಅಲ್ಲ.

ಆದ್ದರಿಂದ ನಾನು ಮಾಡಿಕೊಂಡ ಏರ್ಪಾಡು ಬಹಳ ಸರಳವಾದದ್ದು. ಕಷ್ಟದ ಕೆಲಸ ಮೊದಲ ನಾಲ್ಕು ಗಂಟೆಯಲ್ಲಿ. ಅದು ಹಾಡು ಕೇಳಿ ಬರೆಯುವುದು. ಅರ್ಧ ಗಂಟೆ ಕೇಳು, ಎದ್ದು ಹಿಂದಿನ ತುದಿಯವರೆಗೆ ಒಮ್ಮೆ ನಡೆ, ನೀರು ಕುಡಿ, ಮತ್ತೆ ಕೂತುಕೋ. ಕಾಲಿನ ರಕ್ತ ಹೆಪ್ಪುಗಟ್ಟದಿರಲು ಹೇಗೂ ಎದ್ದು ಓಡಾಡಬೇಕೆಂದು ವೈದ್ಯರು ಹೇಳುತ್ತಾರೆ. ಮಂಡಿನೋವಿನ ನಮಗೆ ಅದು ಎರಡು ಪಟ್ಟು ನಿಜ. ಹಾಗೆ ಓಡಾಡಲು ನಡುದಾರಿಯ ಪಕ್ಕದ ಸೀಟೇ ಬೇಕು. ಕಿಟಕಿ ಪಕ್ಕ ಮೊದಲ ಪ್ರಯಾಣಕ್ಕೆ ಚೆನ್ನ, ಆಮೇಲೆ ಅದು ಬಂಧನ. ತಲೆ ಭಾರವಾದ ಮೇಲೆ ಬುದ್ಧಿ ಬೇಡದ ಕೆಲಸ: ಬರೆದದ್ದಕ್ಕೆ ಸಂಖ್ಯೆ ಹಾಕುವುದು, ಯಾವ ಶಾಸ್ತ್ರಕ್ಕೆ ಯಾವ ಹಾಡು ಎಂದು ಪಟ್ಟಿ ಮಾಡುವುದು. ಆಮೇಲೆ ನಿದ್ದೆ ಬಂದರೆ ನಿದ್ದೆ. ಬಾರದಿದ್ದರೆ ಕಣ್ಣು ಮುಚ್ಚಿ ಕೂರುವುದು. ಪರದೆಯ ನಕಾಶೆಯನ್ನು ಮಾತ್ರ ಹಚ್ಚಲಿಲ್ಲ. ಹಾಲು ಉಕ್ಕುವುದನ್ನು ನಿಂತು ನೋಡಿದರೆ ಉಕ್ಕುವುದೇ ಇಲ್ಲವಲ್ಲ, ಹಾಗೆ ಆ ಪುಟ್ಟ ವಿಮಾನದ ಚಿತ್ರವೂ ನೋಡಿದಷ್ಟು ಹೊತ್ತು ಮುಂದೆ ಹೋಗುವುದಿಲ್ಲ.

ಈಗ ಕೆಲವು ವಿಮಾನಗಳಲ್ಲಿ ವೈಫೈ ಕೂಡ ಸಿಗುತ್ತದೆ. ‘ಅಮ್ಮಾ, ದುಡ್ಡು ಕಟ್ಟಿಕೊಡಲಾ? ವಾಟ್ಸಾಪ್ ಬರುತ್ತೆ’ ಎಂದಿದ್ದಳು ಮಗಳು. ಬೇಡವೆಂದೆ. ಅಟ್ಲಾಂಟಿಕ್ ಸಾಗರದ ಮೇಲಿರುವಾಗಲೂ ‘ತುಪ್ಪದ ಡಬ್ಬ ಎಲ್ಲಿ?’ ಎಂಬ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರಬೇಕೇ?

ಗಮನ ಅಂದರೆ ಏನೆಂದು ಬಲ್ಲವರು ವಿಮಾನದ ಮುಂಭಾಗದಲ್ಲಿ ಕೂತಿರುತ್ತಾರೆ. ಅವರ ಒಂದು ನಿಯಮ ನನಗೆ ಬಲು ಇಷ್ಟ. 10 ಸಾವಿರ ಅಡಿಗಿಂತ ಕೆಳಗಿರುವಾಗ, ಅಂದರೆ ಏರುವಾಗ ಇಳಿಯುವಾಗ, ಕಾಕ್‌ಪಿಟ್ಟಿನಲ್ಲಿ ಕೆಲಸಕ್ಕೆ ಸಂಬಂಧಿಸದ ಮಾತು ನಿಷಿದ್ಧ. ಅಮೆರಿಕದಲ್ಲಿ 1981ರಲ್ಲಿ ಬಂದ ನಿಯಮ ಇದು, ಹರಟೆಯಿಂದ ಗಮನ ತಪ್ಪಿ ಅಪಘಾತಗಳಾದದ್ದನ್ನು ಕಂಡು ಮಾಡಿದ್ದು. ಒಬ್ಬಟ್ಟು ತಟ್ಟುವ ಹೊತ್ತಿಗೆ ನಮ್ಮ ಅಡುಗೆಮನೆಗೂ ಇಂಥದ್ದೊಂದು ನಿಯಮ ಬೇಕು. ಇನ್ನೊಂದು ವಿಷಯ: ಅಷ್ಟು ದೂರದ ಹಾರಾಟದಲ್ಲಿ ಪೈಲಟ್ಟುಗಳೂ ಪೂರ್ತಿ ಎಚ್ಚರ ಇರುವುದಿಲ್ಲ. ಹೆಚ್ಚುವರಿ ಪೈಲಟ್ಟುಗಳಿದ್ದು ಸರದಿಯ ಮೇಲೆ ಮಲಗುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ಮುಂದಾಳತ್ವದಲ್ಲಿ ಬರೀ ಹೆಣ್ಣುಮಕ್ಕಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ದಾರಿಯಾಗಿ ಬೆಂಗಳೂರಿಗೆ ಹಾರಿಸಿ ತಂದರಲ್ಲ, ಸುಮಾರು 17 ಗಂಟೆ, ಆಗ ಪೇಪರಿನಲ್ಲಿ ಅದನ್ನೋದಿ ನಾನು ಮೊದಲು ಯೋಚಿಸಿದ್ದು ಅವರು ಯಾವಾಗ ಮಲಗಿದರು ಎಂದು. ಇನ್ನೂರು ಜೀವ ಕೈಯಲ್ಲಿ ಹಿಡಿದವರೇ ಸರದಿಯಲ್ಲಿ ಕಣ್ಣು ಮುಚ್ಚುತ್ತಾರೆಂದರೆ, ನಾನು ನಡುವೆ ಒಂದು ಕೋಳಿನಿದ್ದೆ ಮಾಡಿದ್ದು ತಪ್ಪಲ್ಲ.

ಹಾಡು ಕೇಳಿಸಿಕೊಳ್ಳುವುದೇ ಮೊದಲ ತೊಡಕಾಗಿತ್ತು. ಎಂಜಿನ್ನಿನ ಮೊರೆತ ಒಂದೇ ಸಮ. ಗಿರಣಿಯೊಳಗೆ ಕೂತ ಹಾಗೆ. ಅಳಿಯ ಕೊಟ್ಟಿದ್ದ ಹೆಡ್‌ಫೋನು ಇದಕ್ಕೆ ಉಪಾಯವಾಯಿತು. ಅದರಲ್ಲಿರುವ ಪುಟ್ಟ ಮೈಕು ಹೊರಗಿನ ಸದ್ದನ್ನು ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಕಿವಿಯೊಳಗೆ ಹುಟ್ಟಿಸುತ್ತದಂತೆ. ಉಬ್ಬಿಗೆ ತಗ್ಗು ಕೂಡಿ ಸದ್ದು ಸಮತಟ್ಟು. ಒಂದೇ ಸಮನಾದ ಮೊರೆತಕ್ಕೆ ಇದು ನಡೆಯುತ್ತದೆ, ಹಿಂದಿನ ಸಾಲಿನ ಮಗುವಿನ ಅಳುವಿಗೆ ಅಷ್ಟು ನಡೆಯುವುದಿಲ್ಲ. ಇದು ಹುಟ್ಟಿದ ಕತೆ ಕೇಳಿದ ಮೇಲೆ ಆ ಹೆಡ್‌ಫೋನಿನ ಮೇಲೆ ನನಗೆ ಇನ್ನಷ್ಟು ಗೌರವ. ಅಮೆರಿಕದಲ್ಲಿ ಪ್ರೊಫೆಸರ್ ಆಗಿದ್ದ ಅಮರ್ ಬೋಸ್, ತಂದೆ ಬಂಗಾಳದವರು, 1978ರಲ್ಲಿ ಯೂರೋಪಿನಿಂದ ಬಾಸ್ಟನ್ನಿಗೆ ಹಾರುತ್ತಿದ್ದಾಗ ವಿಮಾನದವರು ಕೊಟ್ಟ ಹೆಡ್‌ಫೋನಿನಲ್ಲಿ ಸಂಗೀತಕ್ಕಿಂತ ಎಂಜಿನ್ನಿನ ಸದ್ದೇ ಹೆಚ್ಚು ಕೇಳಿಸಿತು. ಬೇರೆಯವರಾದರೆ ಬೈದು ತೆಗೆದಿಡುತ್ತಿದ್ದರು. ಅವರು ಕಾಗದ ತೆಗೆದು, ಈ ಸದ್ದನ್ನು ಸದ್ದಿನಿಂದಲೇ ಅಳಿಸಲು ಸಾಧ್ಯವೇ ಎಂದು ಅಲ್ಲೇ ಲೆಕ್ಕ ಹಾಕಿದರು. ಆ ಲೆಕ್ಕ ಪೈಲಟ್ಟುಗಳ ಹೆಡ್‌ಸೆಟ್ಟಾಗಿ ಅಂಗಡಿಗೆ ಬಂದದ್ದು 1989ರಲ್ಲಿ.

ನಮ್ಮ ಸಿ. ವಿ. ರಾಮನ್ ಕೂಡ ಹಾಗೆಯೇ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಸಮುದ್ರ ಯಾಕೆ ನೀಲಿ ಎಂದು ಡೆಕ್ಕಿನ ಮೇಲೆ ನಿಂತು ನಿಕೋಲ್ ಪಟ್ಟಕದಲ್ಲಿ ಪರೀಕ್ಷಿಸಿ, ಬೊಂಬಾಯಿ ಬಂದರಿನಿಂದಲೇ ಲೇಖನ ಕಳಿಸಿದರು. ಅವರೆಲ್ಲ ದೊಡ್ಡವರು, ಸರಿ. ಆದರೆ ಗಮನಿಸಿ, ಅವರಿಬ್ಬರನ್ನೂ ಆ ಹೊತ್ತಿನಲ್ಲಿ ಊಟಕ್ಕೇನೆಂದು ಯಾರೂ ಕೇಳಲಿಲ್ಲ.

ಹೆಡ್‌ಫೋನು ಹಾಕಿ ಗುಂಡಿ ಒತ್ತಿದೆ. ಎಂಜಿನ್ನು ದೂರ ಸರಿಯಿತು. ಅದರ ಜಾಗದಲ್ಲಿ ಮಳೆ ಬಂತು. 1994ರ ಆಷಾಢದ ಮಳೆ, ನಮ್ಮ ಹಿತ್ತಲಿನ ಶೀಟಿನ ಮೇಲೆ. ನಡುವೆ ಕರುವಿನ ಕೂಗು, ಬಾಗಿಲು ದೂಡಿದ ಸದ್ದು, ‘ಆತಾ, ಹಾಡ್ಲಾ?’ ಎಂಬ ಅತ್ತೆಯ ದನಿ. ಹೊರಗೆ ಸೊನ್ನೆಗಿಂತ 55 ಡಿಗ್ರಿ ಕೆಳಗಿನ ಚಳಿ. ನನಗೆ ಎರಡು ನಿಮಿಷ ಪೆನ್ಸಿಲ್ ಹಿಡಿಯಲಾಗಲಿಲ್ಲ. ಆಮೇಲೆ ಬರೆಯತೊಡಗಿದೆ.

ಅತ್ತೆಯ ಜೊತೆ ಹದಿಮೂರು ವರ್ಷ ಒಂದೇ ಅಡುಗೆಮನೆಯಲ್ಲಿ ಕಳೆದಿದ್ದೇನೆ. ಅವರ ಹಾಡನ್ನು ಇಷ್ಟು ಕಿವಿಗೊಟ್ಟು ಕೇಳಿರಲೇ ಇಲ್ಲ. ಹಾಡು ಎಂದೂ ಕೆಲಸದ ಹಿನ್ನೆಲೆಯಲ್ಲಿ ಹರಿಯುತ್ತಿತ್ತು. ಒಂದೊಂದು ಸಾಲನ್ನು ನಾಲ್ಕೈದು ಸಲ ತಿರುಗಿಸಿ ಕೇಳುವಾಗ, ಅವರು ಎಲ್ಲಿ ಉಸಿರು ಎಳೆಯುತ್ತಾರೆ, ಯಾವ ಪದದಲ್ಲಿ ನಗು ತಡೆಯುತ್ತಾರೆ ಎಂಬುದೂ ತಿಳಿಯಿತು. ಬೀಗರನ್ನು ಹಂಗಿಸುವ ಹಾಡಿನಲ್ಲಿ ನಗು ಹೆಚ್ಚು. ಹೆಣ್ಣು ಒಪ್ಪಿಸುವ ಹಾಡಿನಲ್ಲಿ ಮೂರನೆಯ ನುಡಿಗೆ ದನಿ ಪ್ರತಿ ಸಲವೂ ಕೆಳಗಿಳಿಯುತ್ತದೆ. ಅವರಿಗೆ ಹೆಣ್ಣುಮಕ್ಕಳು ಇರಲಿಲ್ಲ. ತಮ್ಮನ್ನೇ ಒಪ್ಪಿಸಿದ ದಿನ ನೆನಪಾಗುತ್ತಿತ್ತೋ ಏನೋ. ಮದುವೆಯಾದಾಗ ಅವರಿಗೆ ಹದಿನಾಲ್ಕು.

ಫ್ರಾಂಕ್‌ಫರ್ಟಿನಿಂದ ಮುಂದಕ್ಕೆ ಪಕ್ಕದ ಸೀಟಿನಲ್ಲಿ ಒಬ್ಬ ಅಮ್ಮ, ಎಪ್ಪತ್ತರ ಸುಮಾರು, ಕುಮಟಾ ಕಡೆಯವರು, ಮಗನ ಮನೆಗೆ ಹೊರಟವರು. ಪರದೆ ಹಚ್ಚಲಿಲ್ಲ, ಪುಸ್ತಕ ತೆಗೆಯಲಿಲ್ಲ. ಕೈ ಮಡಿಲಲ್ಲಿಟ್ಟು ಸುಮ್ಮನೆ ಕೂತಿದ್ದರು, ನಾಲ್ಕು ಗಂಟೆ. ಬೇಸರ ಬರುವುದಿಲ್ಲವೇ ಎಂದೆ. ‘ಬೇಸರ ಯಾಕೆ? ಕೂತ್ಕಳ್ಳೂದೇ ಅಪರೂಪ’ ಎಂದರು. ನಾನೇನು ಬರೆಯುತ್ತಿರುವೆನೆಂದು ಕೇಳಿದಾಗ ಹೆಡ್‌ಫೋನು ಅವರ ಕಿವಿಗೆ ಹಾಕಿದೆ. ಎರಡು ಸಾಲು ಕೇಳಿ ಅವರ ಮುಖ ಅರಳಿತು. ‘ಅಯ್ಯ, ಇದು ನಮ್ಮನೆ ಹಾಡು!’ ಎಂದು ಗಟ್ಟಿಯಾಗಿಯೇ ಹೇಳಿದರು. ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿ ಎಷ್ಟೆಂದು ತಿಳಿಯುವುದಿಲ್ಲವಲ್ಲ. ಮುಂದಿನ ಸಾಲಿನ ಜರ್ಮನ್ ಗಂಡಸು ತಿರುಗಿ ನೋಡಿದ. ನಾನು ಕೇಳಿಸದೆ ಖಾಲಿ ಬಿಟ್ಟಿದ್ದ ಒಂದು ಜಾಗವಿತ್ತು, ಮದುಮಗಳ ಒಂದು ಆಭರಣದ ಹೆಸರು. ಅದು ‘ವಂಕಿ’ ಎಂದು ಅವರು ತಡವಿಲ್ಲದೆ ಹೇಳಿದರು. ಅಂಚಿನಲ್ಲಿ ‘ಪಕ್ಕದ ಸೀಟಿನವರ ಪಾಠ’ ಎಂದು ಬರೆದುಕೊಂಡೆ. ಆಮೇಲೆ ಒಂದೂವರೆ ಗಂಟೆ ಇಬ್ಬರೂ ಕೂಡಿ ಕೇಳಿದೆವು.

ಹೋಗಿ ಬರುವ ನಾಲ್ಕು ಹಾರಾಟಗಳಲ್ಲಿ ಒಂದು ಕ್ಯಾಸೆಟ್ಟಿನ ಎರಡೂ ಬದಿ ಮುಗಿಯಿತು. 23 ಹಾಡು, 11 ಕಡೆ ಖಾಲಿ ಜಾಗ.

ಊರಿಗೆ ಬಂದ ವಾರಕ್ಕೇ ಚಿಕ್ಕತ್ತೆಯ ಹತ್ತಿರ ಹೋದೆ, ಬೆಳಗಿನ ಬಸ್ಸಿಗೆ. ಹತ್ತು ಗಂಟೆಯೊಳಗೆ ಕೇಳಿದರೆ ಅವರಿಗೆ ನೆನಪು ಚೆನ್ನಾಗಿರುತ್ತಿತ್ತು. ನಾಲ್ಕು ಬೆಳಗು ಅಲ್ಲೇ ಉಳಿದೆ. ನಾನು ಓದುವುದು, ಅವರು ತಡೆದು ತಿದ್ದುವುದು. 11ರಲ್ಲಿ 7 ತುಂಬಿತು. ವಂಕಿಯನ್ನು ಅವರು ಒಪ್ಪಲಿಲ್ಲ. ‘ಅದು ಘಟ್ಟದ ಕೆಳಗಿನವರದ್ದು. ನಮ್ಮಕ್ಕ ಹೇಳುವುದು ತೋಳಬಂದಿ’ ಎಂದರು. ‘ನಮ್ಮಕ್ಕ ಹೇಳುವುದು’ ಎಂದೇ, ಅಕ್ಕ ಒಳಗೆ ಕೋಣೆಯಲ್ಲಿ ಇರುವ ಹಾಗೆ. ಎರಡೂ ಪದ ಬರೆದಿಟ್ಟಿದ್ದೇನೆ. ಐದನೆಯ ದಿನ ನಾನು ಯಾರೆಂದು ಅವರಿಗೆ ತಿಳಿಯಲಿಲ್ಲ. ಆದರೆ ನೋಟ್‌ಬುಕ್ಕನ್ನು ಮಾತ್ರ ಕೈಯಲ್ಲಿ ಹಿಡಿದು ಸವರುತ್ತಿದ್ದರು. ಮರುವರ್ಷ ಕೊರೋನಾ ಬಂತು, ಹೋಗಿ ನೋಡುವ ಹಾಗಿರಲಿಲ್ಲ. 2021ರ ಮಳೆಗಾಲದಲ್ಲಿ ತೀರಿಕೊಂಡರು.

2023ರ ಅಕ್ಟೋಬರಿನಲ್ಲಿ ಮತ್ತೆ ಹೊರಟಾಗ ನಮ್ಮ ಶಿವಮೊಗ್ಗದಲ್ಲೇ ವಿಮಾನ ಹತ್ತಿದೆವು. ಅಲ್ಲಿಂದ ಹಾರಾಟ ಶುರುವಾಗಿ ಎರಡು ತಿಂಗಳೂ ಆಗಿರಲಿಲ್ಲ. ಬೆಂಗಳೂರಿಗೆ ಒಂದು ಗಂಟೆಯ ದಾರಿ. ಅದರಲ್ಲಿ ಗಮನ ಗಿಮನ ಏನೂ ಇಲ್ಲ, ಪಟ್ಟಿ ಬಿಗಿಯುವುದು, ಬಿಚ್ಚುವುದು ಅಷ್ಟೇ. ದೊಡ್ಡ ವಿಮಾನದಲ್ಲಿ ಎರಡನೆಯ ಕ್ಯಾಸೆಟ್ಟಿನ ಮುಂಬದಿ ಬರೆದು ಮುಗಿಸಿದೆ. ಮರಳುವಾಗ ಹಳೆಯದನ್ನು ಶಾಯಿಯಲ್ಲಿ ಚೊಕ್ಕವಾಗಿ ಪ್ರತಿ ಮಾಡಿಕೊಂಡೆ, ಬಾಲ್‌ಪೆನ್ನಿನಲ್ಲಿ. ಅದು ದಣಿದ ತಲೆಗೆ ಹೇಳಿ ಮಾಡಿಸಿದ ಕೆಲಸ, ಅಕ್ಕಿ ಆರಿಸಿದ ಹಾಗೆ. ಮನಸ್ಸು ಎಲ್ಲೋ ಇದ್ದರೂ ಕೈ ತಪ್ಪುವುದಿಲ್ಲ. ಆ ಪ್ರತಿಯನ್ನು ವಾರಗಿತ್ತಿಯ ಮಗಳ ಮದುವೆಯಲ್ಲಿ ಹೆಣ್ಣುಮಕ್ಕಳು ಜೆರಾಕ್ಸ್ ಮಾಡಿಸಿಕೊಂಡು, ಹಸೆಗೆ ಕರೆಯುವ ಹಾಡು ಹೇಳಿದರು. ಧಾಟಿ ಅಲ್ಲಲ್ಲಿ ಸಿನಿಮಾದ ಕಡೆ ಜಾರಿತು. ಒಬ್ಬಳು ‘ತೋಳಬಂದಿ’ ಎಂದರೆ ಇನ್ನೊಬ್ಬಳು ‘ವಂಕಿ’ ಎಂದು ಇಬ್ಬರೂ ನಕ್ಕರು.

ಎರಡನೆಯ ಕ್ಯಾಸೆಟ್ಟಿನ ಮುಂಬದಿಯಲ್ಲಿ ಇನ್ನೂ 6 ಜಾಗ ಖಾಲಿ ಇವೆ. ಕೇಳಲು ಈಗ ಯಾರೂ ಇಲ್ಲ. ಕುಮಟಾದ ಅಮ್ಮನ ವಿಳಾಸ ಬರೆದುಕೊಂಡಿದ್ದೇನೆ. ಊರಿಗೆ ಬಂದಾಗ ಬರುತ್ತೇನೆಂದಿದ್ದಾರೆ, ಅವರಿಗೆ ಗೊತ್ತಿದ್ದರೂ ಇರಬಹುದು. ಹಿಂಬದಿಯ 45 ನಿಮಿಷ ಹಾಗೇ ಉಳಿದಿದೆ. ಬರುವ ಬೇಸಿಗೆಗೆ ಟಿಕೆಟ್ ತೆಗೆಯುತ್ತೇನೆಂದು ಮಗಳು ಮೊನ್ನೆ ಫೋನು ಮಾಡಿದ್ದಳು. ನೇರ ಬರುವ ವಿಮಾನ ಸಿಕ್ಕಿದರೆ ಹೊತ್ತು ಉಳಿಯುತ್ತದಮ್ಮ ಎಂದಳು. ಯಾವುದಾದರೂ ಸರಿ, ನಡುದಾರಿಯ ಪಕ್ಕದ ಸೀಟು ಮರೆಯಬೇಡ ಎಂದೆ.